ಮಗನ ಕೈ ಮುರಿದಾಗ ಬೆರಳನ್ನು ನೋಡಿ

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನ ಹಳ್ಳಿಯೊಂದರ ಸಣ್ಣ ಕಾಫಿ ಬೆಳೆಗಾರರು. ಏಳು ವರ್ಷದ ನನ್ನ ಮಗ ಎರಡು ವಾರಗಳ ಹಿಂದೆ, ಜೂನ್ ಆರಂಭದಲ್ಲಿ, ಹಿತ್ತಿಲಿನ ಸೀಬೆ ಮರದಿಂದ ಜಾರಿ ಬಿದ್ದ. ಎಡ ಮುಂಗೈಯ ಎರಡೂ ಮೂಳೆಗಳು ಮಣಿಕಟ್ಟಿನಿಂದ ಮೂರು ಬೆರಳು ಮೇಲಕ್ಕೆ ಮುರಿದಿದ್ದವು. ಗಾಬರಿಯಲ್ಲಿ ನಾನು ಅವನಿಗೆ ಹಾಲು, ಬನ್ನು ಕೊಟ್ಟು ಸಮಾಧಾನ ಮಾಡಿಯೇ ಹಾಸನಕ್ಕೆ ಕರೆದುಕೊಂಡು ಹೋದೆ. ಅದರಿಂದಾಗಿ ಅರಿವಳಿಕೆ ಕೊಡುವುದು ರಾತ್ರಿಯವರೆಗೆ ಮುಂದಕ್ಕೆ ಹೋಯಿತು. ಮೂಳೆ ಕೂಡಿಸಿ, ಮೊಣಕೈ ಮೇಲಿನವರೆಗೆ ಪ್ಲಾಸ್ಟರ್ ಹಾಕಿದರು. ಮೊನ್ನೆಯ ಎಕ್ಸ್‌ರೇ ನೋಡಿ, ಮೂಳೆ ಹನ್ನೆರಡು ಡಿಗ್ರಿಯಷ್ಟು ಬಾಗಿದೆ, ಪರವಾಗಿಲ್ಲ, ಹಾಗೇ ಇರಲಿ ಎಂದರು. ಆವತ್ತಿನಿಂದ ಮನೆಯಲ್ಲಿ ನೆಮ್ಮದಿಯಿಲ್ಲ. ಅತ್ತೆಯವರು ಪ್ಲಾಸ್ಟರ್ ಬಿಚ್ಚಿಸಿ ಸೊಪ್ಪಿನ ಕಟ್ಟು ಹಾಕಿಸೋಣ ಎನ್ನುತ್ತಾರೆ. ಯಜಮಾನರು ಮಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿ ಪ್ಲೇಟ್ ಹಾಕಿಸೋಣ ಎನ್ನುತ್ತಾರೆ. ಮಾವನವರು ಮರವನ್ನೇ ಕಡಿಸುತ್ತೇನೆ ಎಂದು ಹೊರಟಿದ್ದಾರೆ. ಮಗುವಿನ ಕೈ ಸೊಟ್ಟಗೆ ಉಳಿದುಬಿಡುತ್ತದೆಯೇ? ನಾನೇನು ಮಾಡಬೇಕು, ಏನು ಮಾಡಬಾರದು? ಅವನು ಬಿದ್ದಾಗ ನಾನು ಅಡುಗೆಮನೆಯಲ್ಲೇ ಇದ್ದೆ. ಆ ಸದ್ದು ಇನ್ನೂ ಕಿವಿಯಿಂದ ಹೋಗಿಲ್ಲ.

ಉತ್ತರ: ನಿಮ್ಮ ಮನೆಯಲ್ಲಿ ಈಗಾಗಲೇ ಮೂರು ಅಭಿಪ್ರಾಯಗಳಿವೆ. ನಾಲ್ಕನೆಯದೊಂದನ್ನು ಸೇರಿಸುವ ಬದಲು ನಾನು ನಿಮ್ಮ ಮಗನಿಗೆ ಪ್ಲಾಸ್ಟರ್ ಹಾಕಿದ ವೈದ್ಯರ ಪಕ್ಕದಲ್ಲೇ ನಿಲ್ಲುತ್ತೇನೆ. ವಯಸ್ಸು ಏಳು, ಮುರಿತ ಮಣಿಕಟ್ಟಿಗೆ ಹತ್ತಿರ, ಬಾಗು ಹನ್ನೆರಡು ಡಿಗ್ರಿ ಎಂದು ನೀವು ಬರೆದಿರುವುದು ಸರಿಯಾಗಿದ್ದರೆ, ಆ ಬಾಗನ್ನು ನೇರ ಮಾಡಲು ಯಾರೂ ಕೈ ಹಾಕದಿರುವುದೇ ಈಗಿನ ಒಳ್ಳೆಯ ಚಿಕಿತ್ಸೆ. ಮುಂದಿನ ಒಂದೆರಡು ವರ್ಷಗಳಲ್ಲಿ ಆ ಕೆಲಸವನ್ನು ಮೂಳೆಯೇ ಮಾಡಿಕೊಳ್ಳುತ್ತದೆ. ಈ ಮಾತನ್ನು ನಿಮ್ಮನ್ನು ಸಮಾಧಾನಪಡಿಸುವುದಕ್ಕಾಗಿ ಹೇಳುತ್ತಿಲ್ಲ. ಅದರ ಹಿಂದಿನ ಕಾರಣ ತಿಳಿದರೆ ಅತ್ತೆಯವರಿಗೂ ಯಜಮಾನರಿಗೂ ನೀವೇ ವಿವರಿಸಿ ಹೇಳಬಹುದು.

ದೊಡ್ಡವರ ಮೂಳೆಗೂ ಮಕ್ಕಳ ಮೂಳೆಗೂ ಇರುವ ವ್ಯತ್ಯಾಸ ಗಾತ್ರದ್ದು ಮಾತ್ರವಲ್ಲ. ಒಣಗಿದ ಕಾಫಿ ರೆಂಬೆಯನ್ನು ಬಾಗಿಸಿದರೆ ಅದು ಲಟಕ್ಕನೆ ಎರಡು ತುಂಡಾಗುತ್ತದೆ. ಹಸಿ ಚಿಗುರುಕಡ್ಡಿಯನ್ನು ಬಾಗಿಸಿದರೆ ಒಂದು ಬದಿ ಸೀಳಿ, ಇನ್ನೊಂದು ಬದಿ ಸಿಪ್ಪೆಯ ಆಸರೆಯಲ್ಲಿ ಹಿಡಿದುಕೊಂಡಿರುತ್ತದೆ. ಮಕ್ಕಳ ಮೂಳೆಯ ಮೇಲೂ ಅಂಥದೇ ದಪ್ಪನೆಯ, ಗಟ್ಟಿಯಾದ ಪೊರೆಯೊಂದಿದೆ. ಮೂಳೆ ಪೂರ್ತಿ ಮುರಿದಾಗಲೂ ಆ ಪೊರೆ ಬಹಳ ಸಲ ಒಂದು ಬದಿಯಲ್ಲಿ ಹರಿಯದೆ ಉಳಿಯುತ್ತದೆ, ಕೂಡಿಸಿದ ಮೂಳೆಯನ್ನು ಜಾಗದಲ್ಲಿ ಹಿಡಿದಿಡುತ್ತದೆ, ಹೊಸ ಮೂಳೆಯನ್ನೂ ಅದೇ ಹೊರಡಿಸುತ್ತದೆ. ದೊಡ್ಡವರ ಮುಂಗೈಯ ಮೂಳೆ ಕೂಡಲು ಮೂರು ತಿಂಗಳಾದರೂ ಬೇಕು. ನಿಮ್ಮ ಮಗನದಕ್ಕೆ ಐದಾರು ವಾರ ಸಾಕು ಎನ್ನುವುದು ಇದೇ ಕಾರಣಕ್ಕೆ.

ಎರಡನೆಯದು ಬೆಳವಣಿಗೆ. ಉದ್ದನೆಯ ಮೂಳೆಯ ತುದಿಗಳ ಹತ್ತಿರ ಮೃದ್ವಸ್ಥಿಯ ತೆಳುವಾದ ತಟ್ಟೆಯೊಂದಿರುತ್ತದೆ. ವೈದ್ಯರು ಗ್ರೋತ್ ಪ್ಲೇಟ್ ಎನ್ನುವುದು ಇದಕ್ಕೇ. ಮೂಳೆ ಉದ್ದವಾಗುವುದು ಅಲ್ಲಿಂದ. ಮುಂಗೈಯ ಹೆಬ್ಬೆರಳ ಕಡೆಯ ಮೂಳೆ ಒಟ್ಟು ಬೆಳೆಯುವುದರಲ್ಲಿ ನೂರಕ್ಕೆ ಸುಮಾರು 75ರಿಂದ 80 ಪಾಲು ಮಣಿಕಟ್ಟಿನ ಬಳಿಯ ತಟ್ಟೆಯಿಂದಲೇ ಬರುತ್ತದೆ. ನಿಮ್ಮ ಮಗನ ಮುರಿತ ಇರುವುದು ಆ ತಟ್ಟೆಗೆ ಸಮೀಪದಲ್ಲಿ. ಮೂಳೆ ಬಾಗಿದಾಗ ತಟ್ಟೆಯೂ ಓರೆಯಾಗುತ್ತದೆ. ಓರೆಯಾದ ತಟ್ಟೆ ಒಂದು ಬದಿಯಲ್ಲಿ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ ಬೆಳೆದು ತನ್ನ ದಿಕ್ಕನ್ನು ಸರಿಪಡಿಸಿಕೊಳ್ಳುತ್ತದೆ. ಅದರ ಜೊತೆಗೆ ಬಾಗಿನ ಒಳಬದಿಯಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆ, ಉಬ್ಬಿದ ಹೊರಬದಿ ಕರಗುತ್ತದೆ. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ರೂಪ ಬದಲಿಸುತ್ತದೆಂದು ಜರ್ಮನಿಯ ಯೂಲಿಯುಸ್ ವೋಲ್ಫ್ 1892ರಲ್ಲೇ ಬರೆದಿದ್ದ. ಆ ಮಾತು ಮಕ್ಕಳ ಎಕ್ಸ್‌ರೇಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಇಪ್ಪತ್ತು ಡಿಗ್ರಿ ಬಾಗಿದ್ದ ಮಗುವಿನ ಮಣಿಕಟ್ಟಿನ ಹಳೆಯ ಮತ್ತು ಹೊಸ ಎಕ್ಸ್‌ರೇಗಳನ್ನು ಅಕ್ಕಪಕ್ಕ ಬೆಳಕಿಗೆ ಹಿಡಿದು ತೋರಿಸಿದಾಗ, ಇವೆರಡೂ ಒಂದೇ ಕೈಯದೇ ಎಂದು ಕೇಳಿದ ತಂದೆತಾಯಂದಿರು ಒಬ್ಬಿಬ್ಬರಲ್ಲ.

ಹಾಗೆಂದು ಮಕ್ಕಳ ಮೂಳೆ ಹೇಗೆ ಕೂಡಿದರೂ ನಡೆಯುತ್ತದೆ ಎಂದು ತಿಳಿಯಬಾರದು. ಮೂಳೆ ಬಾಗನ್ನು ತಿದ್ದಿಕೊಳ್ಳುತ್ತದೆ, ತಿರುಚನ್ನು ತಿದ್ದಿಕೊಳ್ಳುವುದಿಲ್ಲ. ಮುರಿದ ತುದಿ ತಿರುಗಿಕೊಂಡೇ ಕೂಡಿದರೆ, ಮುಂದೆ ಊಟಕ್ಕೆ ಅಂಗೈ ಮೇಲೆ ಮಾಡುವಾಗಲೂ ಬೀಗದ ಕೈ ತಿರುಗಿಸುವಾಗಲೂ ಕೈ ಅರ್ಧಕ್ಕೇ ನಿಲ್ಲುತ್ತದೆ. ವಯಸ್ಸು ಹತ್ತು ದಾಟಿದಂತೆ ತಿದ್ದಿಕೊಳ್ಳುವ ಶಕ್ತಿ ಇಳಿಯುತ್ತಾ ಹೋಗುತ್ತದೆ. ಹದಿಮೂರರ ಹುಡುಗನಲ್ಲಿ ಇದೇ ಹನ್ನೆರಡು ಡಿಗ್ರಿಗೆ ನಾನು ಇಷ್ಟು ನಿಶ್ಚಿಂತೆಯಿಂದ ಉತ್ತರ ಬರೆಯುತ್ತಿರಲಿಲ್ಲ. ಮೊಣಕೈಯದಂತೂ ಬೇರೆಯದೇ ಲೆಕ್ಕ. ತೋಳಿನ ಮೂಳೆ ಮೊಣಕೈ ಕಡೆಯ ತುದಿಯಲ್ಲಿ ಬೆಳೆಯುವುದು ನೂರಕ್ಕೆ 20 ಪಾಲು ಮಾತ್ರ, ಆದ್ದರಿಂದ ಅಲ್ಲಿ ಒಳಮುಖವಾಗಿ ಉಳಿದ ಸೊಟ್ಟ ಜೀವನಪರ್ಯಂತ ಉಳಿಯುತ್ತದೆ. ಅದೂ ಅಲ್ಲದೆ ಕೈಗೆ ರಕ್ತ ಒಯ್ಯುವ ದೊಡ್ಡ ನಾಳ ಆ ಮುರಿತದ ಮುಂದೆಯೇ ಹಾದುಹೋಗುತ್ತದೆ. ಐದರಿಂದ ಏಳು ವರ್ಷದ ಮಕ್ಕಳು ಕೈಯೂರಿ ಬಿದ್ದು ಮೊಣಕೈ ಊದಿಸಿಕೊಂಡರೆ, ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಹೊರಡಬೇಕು. ಇದನ್ನು ನಿಮ್ಮ ಮಗನಿಗಾಗಿ ಹೇಳುತ್ತಿಲ್ಲ. ಈ ಉತ್ತರ ಓದುವ ಬೇರೆ ತಾಯಂದಿರಿಗಾಗಿ ಹೇಳುತ್ತಿದ್ದೇನೆ.

ಮುಂದಿನ ಭೇಟಿಯಲ್ಲಿ ವೈದ್ಯರನ್ನು ಸಂಕೋಚಪಡದೆ ಕೆಲವು ಪ್ರಶ್ನೆ ಕೇಳಿ. ಮುರಿತ ಗ್ರೋತ್ ಪ್ಲೇಟಿನ ಒಳಕ್ಕೆ ಹೋಗಿದೆಯೇ? ತಿರುಚು ಏನಾದರೂ ಇದೆಯೇ? ಮೊದಲ ದಿನದ ಎಕ್ಸ್‌ರೇಗೂ ಈಗಿನದಕ್ಕೂ ಬಾಗು ಎಷ್ಟು ಹೆಚ್ಚಿದೆ? ಮೂಳೆ ಜರುಗುವುದು ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿ. ಊತ ಇಳಿದು ಪ್ಲಾಸ್ಟರ್ ಸಡಿಲವಾದಾಗ ಒಳಗೆ ಕೈ ಸ್ವಲ್ಪ ಆಡುತ್ತದೆ. ಮೂರನೆಯ ವಾರಕ್ಕೆ ಮುರಿದ ಜಾಗದ ಸುತ್ತ ಮೋಡದಂತೆ ಬೆಳ್ಳಗೆ ಹೊಸ ಮೂಳೆ ಕಾಣಿಸಿಕೊಂಡರೆ ಇನ್ನು ಜರುಗುವ ಭಯ ಬಹುಮಟ್ಟಿಗೆ ಇಲ್ಲ. ಆದ್ದರಿಂದ ಮೂರನೆಯ ವಾರದ ಎಕ್ಸ್‌ರೇ ತಪ್ಪಿಸಬೇಡಿ. ಪದೇ ಪದೇ ಎಕ್ಸ್‌ರೇ ತೆಗೆಸಿದರೆ ಮಗುವಿಗೆ ತೊಂದರೆ ಎಂದು ಹಿಂಜರಿಯುವವರಿದ್ದಾರೆ. ಮುಂಗೈಯ ಒಂದು ಎಕ್ಸ್‌ರೇಯಿಂದ ತಗಲುವ ವಿಕಿರಣ, ಮಣ್ಣು ಕಲ್ಲು ಆಕಾಶಗಳಿಂದ ನಮಗೆಲ್ಲ ಒಂದು ದಿನದಲ್ಲಿ ತಾನಾಗಿಯೇ ತಗಲುವುದಕ್ಕಿಂತ ಕಡಿಮೆ.

ಯಜಮಾನರ ಮಾತಿಗೆ ಬರುತ್ತೇನೆ. ಆಪರೇಷನ್ ಎಂದರೆ ಹೆಚ್ಚಿನ ಚಿಕಿತ್ಸೆ, ಪ್ಲಾಸ್ಟರ್ ಎಂದರೆ ಬಡವರ ಚಿಕಿತ್ಸೆ ಎನ್ನುವ ಭಾವನೆ ನಮ್ಮ ಕಡೆ ಬೇರೂರಿದೆ. ಮಕ್ಕಳಲ್ಲಿ ಇದು ಬಹುಪಾಲು ತಲೆಕೆಳಗು. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ, ಎಷ್ಟು ಕೂಡಿಸಿದರೂ ನಿಲ್ಲದಿದ್ದರೆ, ಮಗು ದೊಡ್ಡದಾಗಿದ್ದು ಬಾಗು ಮಿತಿ ಮೀರಿದ್ದರೆ ಆಪರೇಷನ್ ಬೇಕೇ ಬೇಕು. ಆಗಲೂ ಮಕ್ಕಳ ಮುಂಗೈಗೆ ಪ್ಲೇಟಿಗಿಂತ ಮೂಳೆಯೊಳಗೆ ತೂರಿಸುವ ತೆಳ್ಳನೆಯ, ಬಾಗುವ ಕಡ್ಡಿಯನ್ನೇ ಹೆಚ್ಚಾಗಿ ಬಳಸುತ್ತಾರೆ. ಅದನ್ನು ಆಮೇಲೆ ತೆಗೆಯಲು ಇನ್ನೊಂದು ಅರಿವಳಿಕೆ, ಇನ್ನೊಂದು ಗಾಯ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ, ಹಣದ ಪ್ರಶ್ನೆ ಅಷ್ಟು ದೊಡ್ಡದಲ್ಲ. ಆದರೆ ಮೂಳೆ ತಾನೇ ಮಾಡಿಕೊಳ್ಳುವ ಕೆಲಸಕ್ಕೆ ಮಗುವಿನ ಕೈ ಕೊಯ್ಯುವುದು ಏಕೆ? ಮಂಗಳೂರಿಗೆ ಹೋಗಲೇಬೇಕು ಎನಿಸಿದರೆ ಎಕ್ಸ್‌ರೇಗಳನ್ನು ಹಿಡಿದು ಎರಡನೆಯ ಅಭಿಪ್ರಾಯ ಕೇಳಲು ಹೋಗಿ; ಯಾವ ಒಳ್ಳೆಯ ವೈದ್ಯರೂ ಅದಕ್ಕೆ ಬೇಸರಪಡುವುದಿಲ್ಲ.

ಅತ್ತೆಯವರ ಮಾತಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಅವರನ್ನು ಮೂಢನಂಬಿಕೆಯವರೆಂದು ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ಅವರು ಚಿಕ್ಕವರಿದ್ದಾಗ ಘಟ್ಟದ ಹಳ್ಳಿಗಳಲ್ಲಿ ಕೈ ಮುರಿದರೆ ಇದ್ದ ದಾರಿ ಅದೊಂದೇ. ಸೊಪ್ಪು ಅರೆದು, ಮೊಟ್ಟೆಯ ಬಿಳಿ ಬೆರೆಸಿ, ಬಟ್ಟೆ ಸುತ್ತಿ, ಬಿದಿರಿನ ದಬ್ಬೆ ಇಟ್ಟು ಕಟ್ಟುತ್ತಿದ್ದರು. ಬಹಳ ಮಕ್ಕಳಿಗೆ ವಾಸಿಯೂ ಆಗುತ್ತಿತ್ತು. ವಾಸಿಯಾಗುತ್ತಿದ್ದುದು ಸೊಪ್ಪಿನಿಂದಲ್ಲ, ನಾನು ಮೇಲೆ ಹೇಳಿದ ಪೊರೆಯಿಂದ ಮತ್ತು ಬೆಳವಣಿಗೆಯಿಂದ. ಪುತ್ತೂರು ಕಟ್ಟು ಎಂಬ ಬೋರ್ಡು ಇಂದಿಗೂ ಊರೂರಲ್ಲಿ ಕಾಣುತ್ತದೆ, ಅಲ್ಲಿಗೆ ಹೋಗಿ ಬಂದವರು ಗುಣವಾಯಿತೆಂದು ಹೇಳುವುದೂ ಸುಳ್ಳಲ್ಲ. ತೊಂದರೆ ಇರುವುದು ಕಟ್ಟುವ ಬಿಗಿಯಲ್ಲಿ. ಮುರಿದ ಕೈ ಮೊದಲ ಎರಡು ಮೂರು ದಿನ ಊದುತ್ತಲೇ ಇರುತ್ತದೆ. ಸುತ್ತಲೂ ದಬ್ಬೆಯ ಬಿಗಿ ಇದ್ದರೆ ಊತಕ್ಕೆ ಹೊರಗೆ ಜಾಗವಿಲ್ಲ, ಅದು ಒಳಗಿನ ಸ್ನಾಯುವನ್ನೇ ಹಿಸುಕುತ್ತದೆ. ರಕ್ತ ಸಿಗದ ಸ್ನಾಯು ಆರೇಳು ಗಂಟೆಗಳಲ್ಲಿ ಸಾಯತೊಡಗುತ್ತದೆ, ಸತ್ತ ಸ್ನಾಯು ವಾರಗಳ ಮೇಲೆ ನಾರಾಗಿ ಕುಗ್ಗುತ್ತದೆ, ಬೆರಳುಗಳು ಪಂಜದಂತೆ ಮಡಚಿಕೊಂಡೇ ಉಳಿಯುತ್ತವೆ. ಬಿಗಿಯಾದ ಕಟ್ಟಿನಿಂದ ಬರುವ ಈ ಸ್ಥಿತಿಯನ್ನು ರಿಶಾರ್ಡ್ ಫೋನ್ ಫೋಲ್ಕ್‌ಮನ್ 1881ರಲ್ಲಿ ವಿವರಿಸಿದ್ದ. ನಾನು ಅದನ್ನು ಓದಿದ್ದು ಪುಸ್ತಕದಲ್ಲಿ, ನೋಡಿದ್ದು ಇದೇ ಜಿಲ್ಲೆಯ ಮಕ್ಕಳಲ್ಲಿ. ಮೂಳೆ ಚೆನ್ನಾಗಿಯೇ ಕೂಡಿರುತ್ತದೆ, ಕೈ ಮಾತ್ರ ಪೆನ್ಸಿಲ್ ಹಿಡಿಯುವುದಿಲ್ಲ. ಅದಲ್ಲದೆ ಎರಡು ವಾರಕ್ಕೆ ಅರೆಬರೆ ಕೂಡಿರುವ ಮೂಳೆಯ ಪ್ಲಾಸ್ಟರ್ ಬಿಚ್ಚಿದರೆ ಹನ್ನೆರಡು ಡಿಗ್ರಿ ಮೂವತ್ತಾಗಲು ಒಂದು ಎಡವು ಸಾಕು. ಅತ್ತೆಯವರಿಗೆ ಇಷ್ಟು ಹೇಳಿ: ಅವರ ಕಾಲದ ಕಟ್ಟೂ ಈಗಿನ ಪ್ಲಾಸ್ಟರೂ ಮಾಡುವುದು ಒಂದೇ ಕೆಲಸ, ಮೂಳೆಯನ್ನು ಅಲುಗದಂತೆ ಹಿಡಿಯುವುದು. ಅದನ್ನು ಎರಡೆರಡು ಸಲ ಮಾಡಿಸುವ ಅಗತ್ಯವಿಲ್ಲ.

ಬಿಗಿಯ ಮಾತು ಪ್ಲಾಸ್ಟರಿಗೂ ಅನ್ವಯಿಸುತ್ತದೆ. ಆಸ್ಪತ್ರೆಯಲ್ಲಿ ಹಾಕಿದ್ದೆಂಬ ಕಾರಣಕ್ಕೆ ಅದು ಬಿಗಿಯಾಗುವುದಿಲ್ಲ ಎಂದೇನಿಲ್ಲ. ಆದ್ದರಿಂದಲೇ ನಾನು ಪ್ಲಾಸ್ಟರ್ ಹಾಕಿ ಮನೆಗೆ ಕಳಿಸುವಾಗ ತಾಯಂದಿರಿಗೆ ಹೇಳುವುದು ಒಂದೇ ಮಾತು: ಮೂಳೆಯ ಚಿಂತೆ ನನಗೆ ಬಿಡಿ, ನೀವು ಬೆರಳು ನೋಡಿ. ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ ಜಾಗ "ಒಂದು, ಎರಡು" ಎನ್ನುವಷ್ಟರಲ್ಲಿ ಮತ್ತೆ ಕೆಂಪಾಗಬೇಕು. ಬೆರಳು ಇನ್ನೊಂದು ಕೈಯಷ್ಟೇ ಬೆಚ್ಚಗಿರಬೇಕು. ಮಗುವಿಗೆ ಆಟದಂತೆ ಮೂರು ಕೆಲಸ ಹೇಳಿ: ಹೆಬ್ಬೆರಳು ಎತ್ತಿ ತೋರಿಸು, ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡು, ಐದೂ ಬೆರಳು ಅಗಲಿಸು. ಮುಂಗೈಯಿಂದ ಕೆಳಗಿಳಿಯುವ ಮೂರು ಮುಖ್ಯ ನರಗಳೂ ಕೆಲಸ ಮಾಡುತ್ತಿವೆಯೇ ಎನ್ನುವುದು ಈ ಮೂರರಲ್ಲೇ ತಿಳಿಯುತ್ತದೆ. ಇವೆಲ್ಲಕ್ಕಿಂತ ನಂಬಬಹುದಾದ ಗುರುತು ಇನ್ನೊಂದಿದೆ: ಮಡಚಿದ ಬೆರಳನ್ನು ನೀವು ಮೆಲ್ಲಗೆ ನೇರ ಮಾಡಲು ಹೋದಾಗ ಮಗು ಚೀರಿಕೊಂಡರೆ, ಬಣ್ಣ ಎಷ್ಟೇ ಕೆಂಪಗಿದ್ದರೂ ಆ ಕೈಗೆ ಅಪಾಯವಿದೆ. ಔಷಧ ಕೊಟ್ಟರೂ ನೋವು ಗಂಟೆ ಗಂಟೆಗೆ ಏರುತ್ತಿರುವುದು, ಮಗು ಸುಮ್ಮನಾಗದೆ ಚಡಪಡಿಸುವುದು, ಬೆರಳು ಜೋಮು ಹಿಡಿದಿದೆ ಎನ್ನುವುದು ಇವೂ ಅದೇ ಕಥೆಯನ್ನು ಹೇಳುತ್ತವೆ.

ಕೆಲವು ಮಳೆಗಾಲಗಳ ಹಿಂದೆ ಮೂಡಿಗೆರೆ ಕಡೆಯ ತಾಯಿಯೊಬ್ಬರು ರಾತ್ರಿ ಹತ್ತೂವರೆಗೆ ಫೋನ್ ಮಾಡಿದರು. ಅಂದು ಬೆಳಿಗ್ಗೆ ಮಗಳಿಗೆ ಪ್ಲಾಸ್ಟರ್ ಹಾಕಿದ್ದೆ. ಕರೆಂಟ್ ಹೋಗಿತ್ತು, ಟಾರ್ಚ್ ಬೆಳಕಿನಲ್ಲಿ ಬೆರಳಿನ ಬಣ್ಣ ಗೊತ್ತಾಗುತ್ತಿಲ್ಲ ಎಂದರು. "ನಡುಬೆರಳು ಮುಟ್ಟೋಕೇ ಬಿಡ್ತಿಲ್ಲ ಡಾಕ್ಟ್ರೇ" ಎಂದಾಗ ನಾನು ಮುಂದಿನ ಪ್ರಶ್ನೆ ಕೇಳದೆ ಹೊರಟುಬನ್ನಿ ಎಂದೆ. ಬಂದಾಗ ನಡುರಾತ್ರಿ. ಪ್ಲಾಸ್ಟರನ್ನು ಉದ್ದಕ್ಕೂ ಸೀಳಿ, ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಕತ್ತರಿಸಿ ಅಗಲಿಸಿದೆ. ಇಪ್ಪತ್ತು ನಿಮಿಷದಲ್ಲಿ ಮಗು ಅಲ್ಲೇ ಬೆಂಚಿನ ಮೇಲೆ ನಿದ್ದೆ ಹೋಯಿತು. ಆ ತಾಯಿ ಬೆಳಗಿನವರೆಗೆ ಕಾದಿದ್ದರೆ ಈ ಘಟನೆಯನ್ನು ನಾನು ಇಲ್ಲಿ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ವೈದ್ಯರಿಗೆ ತೊಂದರೆ ಕೊಡುವುದು ಹೇಗೆ ಎಂದು ಯೋಚಿಸಬೇಡಿ. ಫೋನ್ ಸಿಗದಿದ್ದರೆ 108ಕ್ಕೆ ಕರೆ ಮಾಡಿ ಹೊರಡಿ. ನಿಮ್ಮ ಮಗ ಎರಡು ವಾರ ದಾಟಿರುವುದರಿಂದ ಈ ಅಪಾಯ ಬಹುತೇಕ ಕಳೆದಿದೆ, ಆದರೂ ದಿನಕ್ಕೊಮ್ಮೆ ಬೆರಳು ನೋಡುವ ಅಭ್ಯಾಸ ಬಿಡಬೇಡಿ.

ಈಗ ಮಳೆ. ಮಲೆನಾಡಿನ ಜೂನ್‌ನಲ್ಲಿ ಪ್ಲಾಸ್ಟರಿಗೆ ಮಗುವಿಗಿಂತ ಮಳೆಯೇ ದೊಡ್ಡ ಶತ್ರು. 1851ರಲ್ಲಿ ನೆದರ್ಲೆಂಡ್ಸಿನ ಸೇನಾ ವೈದ್ಯ ಆಂಟೋನಿಯಸ್ ಮಥೈಸೆನ್ ಬಟ್ಟೆಯ ಪಟ್ಟಿಗೆ ಜಿಪ್ಸಂ ಪುಡಿ ಉಜ್ಜಿ ಮಾಡಿದ ಉಪಾಯವೇ ಇವತ್ತಿನ ಪಿಓಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ನೀರು ಸೇರಿದರೆ ಗಟ್ಟಿಯಾಗುತ್ತದೆ, ಗಟ್ಟಿಯಾದ ಮೇಲೆ ಮತ್ತೆ ನೀರು ಕುಡಿದರೆ ಮೆತ್ತಗಾಗಿ ಮುರಿಯುತ್ತದೆ. ಫೈಬರಿನದಾದರೆ ಹೊರಚಿಪ್ಪು ನೀರಿಗೆ ಜಗ್ಗುವುದಿಲ್ಲ, ಆದರೆ ಒಳಗಿನ ಹತ್ತಿ ನೆನೆಯುತ್ತದೆ, ನೆನೆದ ಹತ್ತಿಯಡಿಯ ಚರ್ಮ ಬಿಳಿಚಿ ಕೊಳೆಯುತ್ತದೆ. ಸ್ನಾನಕ್ಕೆ ಮೊದಲು ಪ್ಲಾಸ್ಟರಿನ ಮೇಲಂಚಿನ ಬಳಿ ಒಣ ಟವೆಲ್ ಸುತ್ತಿ, ಅದರ ಮೇಲೆ ಉದ್ದನೆಯ ಎರಡು ಪ್ಲಾಸ್ಟಿಕ್ ಕವರ್ ಹಾಕಿ ಟೇಪ್ ಅಂಟಿಸಿ. ಆಮೇಲೂ ಕೈಯನ್ನು ಮೇಲಕ್ಕೆ ಎತ್ತಿಸಿಯೇ ಮೈ ತೊಳೆಸಿ. ಶಾಲೆಗೆ ಛತ್ರಿಗಿಂತ ರೈನ್‌ಕೋಟ್ ಮೇಲು, ತೋಳು ತೂರಿಸದೆ ಮೇಲಿಂದ ಹೊದಿಸಬೇಕು. ಒಂದು ಮಾತು ವಿಶೇಷವಾಗಿ ನಿಮ್ಮ ಕಡೆಯವರಿಗೆ: ಒದ್ದೆಯಾದ ಪ್ಲಾಸ್ಟರನ್ನು ಬಟ್ಟೆ ಒಣಗಿಸುವಂತೆ ಬಚ್ಚಲ ಒಲೆಯ ಮುಂದೆ ಹಿಡಿಸಬೇಡಿ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಬೆ ನಿಂತು ಚರ್ಮ ಬೇಯುತ್ತದೆ, ಪ್ಲಾಸ್ಟರ್ ಬಿರುಕು ಬಿಡುತ್ತದೆ. ಚೆನ್ನಾಗಿ ನೆನೆದರೆ, ಮೆತ್ತಗಾದರೆ, ಒಳಗಿನಿಂದ ವಾಸನೆ ಬಂದರೆ ಬದಲಾಯಿಸಿಕೊಂಡು ಬರುವುದೇ ಸರಿ. ತುರಿಕೆ ಬಂದರೆ ಹೊರಗಿನಿಂದ ತಟ್ಟಿ, ತಣ್ಣನೆಯ ಗಾಳಿ ಬಿಡಿ. ಪೊರಕೆ ಕಡ್ಡಿ, ಸ್ಕೇಲು, ಪುಡಿ ಯಾವುದೂ ಒಳಗೆ ಹೋಗಬಾರದು. ಒಮ್ಮೆ ಪ್ಲಾಸ್ಟರ್ ಬಿಚ್ಚಿದಾಗ ಒಳಗಿನಿಂದ ಐದು ರೂಪಾಯಿ ನಾಣ್ಯವೊಂದು ಬಿದ್ದಿತ್ತು, ಅದರ ಅಚ್ಚು ಚರ್ಮದ ಮೇಲೆ ಹುಣ್ಣಾಗಿ ಮೂಡಿತ್ತು.

ಊಟದ ವಿಷಯದಲ್ಲಿ ನೀವು ಕೇಳದಿದ್ದರೂ ಮನೆಯಲ್ಲಿ ಮಾತು ಬಂದೇ ಬಂದಿರುತ್ತದೆ. ಬದನೆಕಾಯಿ ನಂಜು, ಮೀನು ನಂಜು ಎಂದು ಮಗುವಿನ ತಟ್ಟೆಯಿಂದ ಒಂದೊಂದನ್ನೇ ತೆಗೆಯುತ್ತಾ ಹೋದರೆ ಮೂಳೆಗೆ ಬೇಕಾದ್ದು ಎಲ್ಲಿಂದ ಬರಬೇಕು? ಯಾವ ಪಥ್ಯವೂ ಬೇಡ. ಕಾಲು ಸೂಪು ರುಚಿಗೆ ಕೊಡಿ, ಅದರಲ್ಲಿ ಕ್ಯಾಲ್ಸಿಯಂ ತುಂಬಿ ತುಳುಕುತ್ತಿದೆ ಎಂಬ ನಂಬಿಕೆ ಬೇಡ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ 650 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಒಂದು ಲೋಟ ಹಾಲಿನಲ್ಲಿ 240ರಷ್ಟು. ಒಂದು ಸಣ್ಣ ಮುದ್ದೆ, ಎರಡು ಲೋಟ ಹಾಲು, ಜೊತೆಗೆ ಮೊಟ್ಟೆಯೋ ಬೇಳೆಯೋ ಇದ್ದರೆ ಹಾಸನ ಜಿಲ್ಲೆಯ ಮಗುವಿಗೆ ಟಾನಿಕ್ಕಿನ ಹಂಗಿಲ್ಲ. ಡಿ ಜೀವಸತ್ವದ 60,000 ಯೂನಿಟ್ಟಿನ ಪುಡಿ ಪೊಟ್ಟಣವನ್ನು ಮೆಡಿಕಲ್ ಶಾಪಿನಿಂದ ನೀವಾಗಿಯೇ ತಂದು ವಾರ ವಾರ ಕುಡಿಸಬೇಡಿ. ವೈದ್ಯರು ಬರೆದುಕೊಟ್ಟರೆ ಮಾತ್ರ. ನೋವಿಗೆ ಪ್ಯಾರಸಿಟಮಾಲ್ ಸಾಕು, ಕಿಲೋ ತೂಕಕ್ಕೆ 15 ಮಿಲಿಗ್ರಾಂ ಲೆಕ್ಕದಲ್ಲಿ, ಆರು ಗಂಟೆಗೊಮ್ಮೆ. ಎರಡು ವಾರವಾದ ಮೇಲೆ ಅದೂ ಬೇಕಾಗುವುದಿಲ್ಲ.

ಪ್ಲಾಸ್ಟರ್ ಬಿಚ್ಚುವ ದಿನಕ್ಕೆ ನಿಮ್ಮನ್ನು ಈಗಲೇ ಸಿದ್ಧಪಡಿಸುತ್ತೇನೆ, ಏಕೆಂದರೆ ಅಂದು ಹೆಚ್ಚು ಹೆದರುವುದು ತಾಯಂದಿರೇ. ಕತ್ತರಿಸುವ ಯಂತ್ರ ಕಿವಿಗಡಚಿಕ್ಕುವಂತೆ ಸದ್ದು ಮಾಡುತ್ತದೆ, ಆದರೆ ಅದರ ಅಲಗು ಗರಗಸದ ಗಿರಣಿಯಂತೆ ಸುತ್ತುವುದಿಲ್ಲ. ನಿಂತಲ್ಲೇ ಅತ್ತಿತ್ತ ಅಲುಗುತ್ತದೆ, ಗಟ್ಟಿಯಾದದ್ದನ್ನು ಕೊಯ್ಯುತ್ತದೆ, ಚರ್ಮ ಅದರ ಜೊತೆಗೇ ಅಲುಗಿ ಉಳಿದುಕೊಳ್ಳುತ್ತದೆ. ಹೊರಬಂದ ಕೈ ಸಣಕಲಾಗಿ, ಸಿಪ್ಪೆ ಎದ್ದು, ರೋಮ ಹೆಚ್ಚಾಗಿ, ಬೇರೆ ಯಾರದೋ ಕೈಯಂತೆ ಕಾಣುತ್ತದೆ. ಮುರಿದ ಜಾಗದಲ್ಲಿ ಗಟ್ಟಿಯಾದ ಗಂಟು ಸಿಗುತ್ತದೆ. ಅದು ಹೊಸ ಮೂಳೆ, ತಿಂಗಳುಗಳಲ್ಲಿ ಕರಗುತ್ತದೆ. ಮೊಣಕೈ ಪೂರ್ತಿ ಚಾಚುವುದಿಲ್ಲ. ಇಲ್ಲಿಯೇ ನಮ್ಮವರ ಕೈ ಸುಮ್ಮನಿರುವುದಿಲ್ಲ: ಹರಳೆಣ್ಣೆ ಹಚ್ಚಿ ನೀವುತ್ತಾರೆ, ಎಳೆಯುತ್ತಾರೆ, ಕೈಗೆ ನೀರು ತುಂಬಿದ ಕೊಡ ಹಿಡಿಸಿ ಮೊಣಕೈ ನೇರ ಮಾಡಿಸುತ್ತಾರೆ. ಇದು ಖಂಡಿತ ಬೇಡ. ಪೆಟ್ಟು ತಿಂದ ಮೊಣಕೈಯ ಸುತ್ತಲಿನ ಸ್ನಾಯುವನ್ನು ಬಲವಂತವಾಗಿ ತಿಕ್ಕಿ ಎಳೆದರೆ ಆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಶಾಶ್ವತವಾಗಿ ಬಿಗಿದುಕೊಳ್ಳಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಆಡಲು ಬಿಡಿ, ಆ ಕೈಯಲ್ಲೂ ಚೆಂಡು ಹಿಡಿಯಲಿ. ಎರಡು ಮೂರು ವಾರದಲ್ಲಿ ಮೊಣಕೈ ತಾನಾಗಿಯೇ ಚಾಚುತ್ತದೆ, ಮಕ್ಕಳಿಗೆ ಫಿಸಿಯೋಥೆರಪಿ ಬೇಕಾಗುವುದು ಅಪರೂಪ.

ಹಾಲು ಬನ್ನಿನ ವಿಷಯ. ಘನ ಆಹಾರ ತಿಂದ ಮೇಲೆ ಆರು ಗಂಟೆ ಕಳೆಯದೆ ಅರಿವಳಿಕೆ ಕೊಡುವುದಿಲ್ಲ, ಹೊಟ್ಟೆಯಲ್ಲಿರುವುದು ಶ್ವಾಸನಾಳಕ್ಕೆ ಹೋಗುವ ಅಪಾಯವಿರುತ್ತದೆ. ಕೈ ಸೊಟ್ಟಗಾಗಿರುವುದು ಕಣ್ಣಿಗೆ ಕಾಣುತ್ತಿದ್ದರೆ ದಾರಿಯಲ್ಲಿ ಏನೂ ತಿನ್ನಿಸದಿರುವುದು, ನೇರ ಮಾಡಲು ಹೋಗದೆ ದಪ್ಪ ರಟ್ಟಿನ ಮೇಲೆ ಇದ್ದಂತೆಯೇ ಇಟ್ಟು ದುಪಟ್ಟಾದಲ್ಲಿ ಕೊರಳಿಗೆ ತೂಗುಹಾಕುವುದು, ಹೊರಡುವುದು, ಅಷ್ಟೇ ಮಾಡಬೇಕಾದದ್ದು. ಆದರೆ ಅಳುವ ಮಗುವಿಗೆ ಹಾಲು ಕೊಡದ ತಾಯಿ ಎಲ್ಲಿದ್ದಾಳೆ? ನಿಮ್ಮಿಂದ ಆದದ್ದು ಕೆಲವು ಗಂಟೆಗಳ ತಡ, ಮೂಳೆಗೆ ಅದರಿಂದ ಯಾವ ನಷ್ಟವೂ ಆಗಿಲ್ಲ, ಈಗಿನ ಬಾಗಿಗೂ ಅದಕ್ಕೂ ಸಂಬಂಧವಿಲ್ಲ. ಆಸ್ಪತ್ರೆಯಲ್ಲಿ ಹೇಗೆ ಬಿದ್ದ, ಯಾರಿದ್ದರು ಎಂದು ಎರಡು ಮೂರು ಸಲ ಕೇಳಿರಬಹುದು. ನಿಮ್ಮನ್ನು ದೂರಲು ಕೇಳಿದ್ದಲ್ಲ, ಬಿದ್ದ ರೀತಿಗೂ ಮುರಿದ ರೀತಿಗೂ ಹೊಂದುತ್ತದೆಯೇ ಎಂದು ನೋಡುವುದು ನಮ್ಮ ಕೆಲಸದ ಭಾಗ.

ಅಡುಗೆಮನೆಯಲ್ಲಿದ್ದೆ ಎಂದು ನೀವು ಬರೆದದ್ದಕ್ಕೆ ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ನನ್ನ ಮಗಳು ಆರು ವರ್ಷದವಳಿದ್ದಾಗ ಜಗುಲಿಯಿಂದ ಬಿದ್ದು ಮಣಿಕಟ್ಟು ಹಿಡಿದುಕೊಂಡು ಅತ್ತಳು. ಹತ್ತು ವರ್ಷದಿಂದ ಮೂಳೆಯನ್ನೇ ನೋಡುತ್ತಿದ್ದ ನಾನು ಎರಡು ಕಡೆ ಒತ್ತಿ ನೋಡಿ, ಉಳುಕಿದೆ, ನಾಳೆ ಸರಿಹೋಗುತ್ತದೆ ಎಂದೆ. ಮೂರನೆಯ ದಿನ ಬೆಳಿಗ್ಗೆ ಅವಳು ಹಲ್ಲುಜ್ಜುವ ಬ್ರಷ್ಷಿಗೆ ಪೇಸ್ಟ್ ಹಾಕಿಕೊಡು ಎಂದು ತಾಯಿಯ ಮುಂದೆ ನಿಂತಳು. ಟ್ಯೂಬ್ ಹಿಸುಕಲು ಆಗುತ್ತಿಲ್ಲ ಎಂದು ಅವಳು ಹೇಳಲಿಲ್ಲ, ಬ್ರಷ್ ಮಾತ್ರ ಮುಂದೆ ಹಿಡಿದಳು. ನನ್ನ ಹೆಂಡತಿ ಶಾಲಾ ಶಿಕ್ಷಕಿ, ಎಕ್ಸ್‌ರೇ ಓದಲು ಬಾರದವಳು. ಇವತ್ತು ಇವಳನ್ನು ನಿಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದಳು. ಮೂಳೆ ಒಂದು ಬದಿಯಲ್ಲಿ ನಜ್ಜುಗುಜ್ಜಾಗಿ ಉಬ್ಬಿತ್ತು, ಮೂರು ವಾರ ಪಟ್ಟಿ ಹಾಕಿದೆವು, ಸರಿಹೋಯಿತು. ಕಣ್ಣೆದುರಿಗೇ ಬಿದ್ದ ಮಗುವಿನ ಮುರಿತ ನನಗೆ ಕಾಣಲಿಲ್ಲ. ನೀವು ಅಡುಗೆಮನೆಯಿಂದ ಓಡಿಬಂದು ಅದೇ ದಿನ ನಲವತ್ತು ಕಿಲೋಮೀಟರ್ ದೂರದ ಹಾಸನ ಮುಟ್ಟಿಸಿದಿರಿ.

ಉಳಿದದ್ದು ಮರ. ಮಾವನವರನ್ನು ತಡೆಯಿರಿ. ಸೀಬೆ ಮರದ ತೊಗಟೆ ಮೊದಲೇ ನುಣುಪು, ಮಳೆಗೆ ನೆನೆದರೆ ಸೋಪು ಹಚ್ಚಿದಂತೆ. ಮಗ ಜಾರಿದ್ದು ಅದಕ್ಕೆ. ಜುಲೈ ಮಧ್ಯದ ಹೊತ್ತಿಗೆ ಪ್ಲಾಸ್ಟರ್ ಹೋಗುತ್ತದೆ. ಹೊಸದಾಗಿ ಕೂಡಿದ ಮುಂಗೈ ಅದೇ ಜಾಗದಲ್ಲಿ ಇನ್ನೊಮ್ಮೆ ಮುರಿಯುವ ಸಂಭವ ಮೊದಲ ತಿಂಗಳುಗಳಲ್ಲೇ ಹೆಚ್ಚು, ಆದ್ದರಿಂದ ಅಲ್ಲಿಂದ ಎಂಟು ವಾರ ಮರ, ಸೈಕಲ್, ಕಬಡ್ಡಿ ಮೂರೂ ಬೇಡ. ಅಷ್ಟು ಹೊತ್ತಿಗೆ ಸೆಪ್ಟೆಂಬರ್ ಬಂದು ಮಳೆಯೂ ಇಳಿಮುಖವಾಗಿ ತೊಗಟೆ ಒಣಗಿರುತ್ತದೆ. ಅದಕ್ಕೆ ಮೊದಲೇ ಹಣ್ಣು ಬಲಿತು ಅವನು ಮರದಡಿ ಹೋಗಿ ನಿಂತರೆ ಕೈಗೆ ದೋಟಿ ಕೊಡಿ; ಬಲಗೈ ಚೆನ್ನಾಗಿಯೇ ಇದೆಯಲ್ಲ.